ಪದಚರ್ಚೆ: ವಿಮಾನಗಳದ್ದು ಕಾಳಗವೋ, ಕಾದಾಟವೋ, ಬೇಟೆಯೋ? ಜೊತೆಗೆ ‘ಡೋಪ್’, ‘ಕುಲಾವಿ’

ಎಲ್ಲರಿಗೂ ನಮಸ್ಕಾರ.

ಪರಿಚಯದ ಕಲಾವಿದರೊಬ್ಬರು ಮೊದಲ ಮಹಾಯುದ್ಧದ ವಿಮಾನಗಳ ಚಿತ್ರಸರಣಿಯೊಂದನ್ನು ಬರೆಯುತ್ತಿದ್ದಾರೆ. ಪ್ರತಿ ಚಿತ್ರದ ಕೆಳಗೆ ನಾಲ್ಕಾರು ಸಾಲಿನ ಕನ್ನಡ ಟಿಪ್ಪಣಿ ಬೇಕು. ಆ ಕೆಲಸ ನನ್ನ ಪಾಲಿಗೆ ಬಂದಿದೆ. ರೆಕ್ಕೆಗಳ ನಡುವಿನ ತಂತಿ ಎಲ್ಲಿಂದೆಲ್ಲಿಗೆ ಹೋಗುತ್ತದೆ, ಮೆಷಿನ್‌ಗನ್ ಮೂತಿಯ ಯಾವ ಪಕ್ಕದಲ್ಲಿದೆ ಎಂಬುದನ್ನೂ ಹಳೆಯ ಫೋಟೋ ನೋಡಿ ಖಾತ್ರಿ ಮಾಡಿಕೊಂಡೇ ಕುಂಚ ಹಿಡಿಯುವವರು ಅವರು. ಅಂಥ ಚಿತ್ರದ ಕೆಳಗೆ ಅಂದಾಜಿನ ಪದ ಇಡಲು ನನಗೆ ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಮೊದಲ ಚಿತ್ರ 1918ರ ಜುಲೈ 22ರದು. ಜಾಗ ಉತ್ತರ ಫ್ರಾನ್ಸಿನ ಕಾರ್ವಾ. ಕಲ್ಕತ್ತದಲ್ಲಿ ಹುಟ್ಟಿದ, ಇನ್ನೂ ಹತ್ತೊಂಬತ್ತು ದಾಟದ ಇಂದ್ರಲಾಲ್ ರಾಯ್, ಬ್ರಿಟಿಷರ 40ನೇ ಸ್ಕ್ವಾಡ್ರನ್ನಿನ ಎಸ್.ಇ.5ಎ ವಿಮಾನದಲ್ಲಿ ಜರ್ಮನಿಯ ಫಾಕರ್ ಡಿ-7ಗಳ ಎದುರು ಹೋರಾಡಿ ಸತ್ತ ದಿನ. ಇದನ್ನು ಏನೆಂದು ಕರೆಯೋಣ? ನಮ್ಮ ಪತ್ರಿಕೆಗಳಲ್ಲಿ ‘ವೈಮಾನಿಕ ಸಮರ’ ಎಂದು ಬರುತ್ತದೆ. ಓದಿದರೆ ಎರಡು ದೇಶಗಳ ವಾಯುಪಡೆಗಳು ತಿಂಗಳುಗಟ್ಟಲೆ ಬಡಿದಾಡಿದಂತೆ ಕೇಳುತ್ತದೆ. ಇಲ್ಲಿ ಆದದ್ದು ಕೆಲವು ವಿಮಾನಗಳ ಕೆಲವೇ ನಿಮಿಷಗಳ ಗಲಿಬಿಲಿ. ಇಂಗ್ಲಿಷಿನಲ್ಲಿ ಇದಕ್ಕೆ ಹೇಳುವ ‘ಡಾಗ್‌ಫೈಟ್’ಗೆ ಸರಿಸಾಟಿಯಾದ ‘ಕಚ್ಚಾಟ’ ನಮ್ಮಲ್ಲಿ ಇದೆ ನಿಜ, ಆದರೆ ಅದನ್ನು ರಾಜಕೀಯ ಪಕ್ಷಗಳು ಯಾವತ್ತೋ ಗುತ್ತಿಗೆ ಹಿಡಿದುಬಿಟ್ಟಿವೆ.

ಉಳಿದದ್ದು ‘ಕಾಳಗ’. ಪದ ನನಗೆ ಇಷ್ಟ. ಆದರೆ ಯಕ್ಷಗಾನದಲ್ಲಿ ‘ಸುಧನ್ವಾರ್ಜುನ ಕಾಳಗ’ ನೋಡಿ ಬೆಳೆದವರಿಗೆ ಕಾಳಗ ಎಂದರೆ ಹೆಸರು ಹೇಳಿಕೊಂಡು, ಎದುರೆದುರು ನಿಂತು, ಮಾತಿಗೆ ಮಾತು ಕೊಟ್ಟು ಹೂಡುವ ಬಾಣ. ಆಗಿನ ಆಕಾಶದಲ್ಲಿ ನಡೆಯುತ್ತಿದ್ದುದು ಹೆಚ್ಚಿನ ಪಾಲು ಇದರ ತದ್ವಿರುದ್ಧ. ಎತ್ತರದಲ್ಲಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಕಾಯುವುದು. ಕೆಳಗಿನವನು ಗಮನಿಸುವ ಮೊದಲೇ ಹಿಂದಿನಿಂದ ಎರಗುವುದು. ತೀರ ಹತ್ತಿರ ಬಂದಮೇಲೆ ಗುಂಡು ಹಾರಿಸುವುದು. ಹೊಡೆಸಿಕೊಂಡವನಿಗೆ ಹೊಡೆದವನ ಮುಖ ಕಾಣದೇ ಹೋದದ್ದೇ ಹೆಚ್ಚು. ಅಂದಿನ ಜರ್ಮನರು ತಮ್ಮ ದಳವನ್ನು ‘ಯಾಗ್ಡ್‌ಸ್ಟಾಫೆಲ್’ ಎಂದರು, ಫ್ರೆಂಚರು ‘ಎಸ್ಕಾದ್ರಿ ದ ಶಾಸ್’ ಎಂದರು. ಎರಡರಲ್ಲೂ ಇರುವುದು ಬೇಟೆ. ಹಾಗಾಗಿ ಹಿಂದಿನಿಂದ ಎರಗುವ ಚಿತ್ರಗಳಿಗೆ ‘ಬೇಟೆ’ ಎಂದೇ ಬರೆದು, ರಾಯ್‌ನ ಕೊನೆಯ ಗಳಿಗೆಯಂಥ ಸುತ್ತಾಟದ ಹೋರಾಟಕ್ಕೆ ‘ಕಾದಾಟ’ ಇಟ್ಟುಕೊಳ್ಳೋಣ ಎನಿಸಿದೆ. ಯಕ್ಷಗಾನ ಬಲ್ಲವರು ‘ಕಾಳಗ’ದ ಪರವಾಗಿ ವಾದ ಹೂಡುವುದಾದರೆ ಕೇಳಲು ಸಿದ್ಧ.

ಇದಕ್ಕೇ ಅಂಟಿಕೊಂಡ ಇನ್ನೊಂದು ಪ್ರಶ್ನೆ. ಆ ಜುಲೈ 6ರಿಂದ 19ರೊಳಗೆ ರಾಯ್ ‘10 ವಿಮಾನಗಳನ್ನು ಹೊಡೆದುರುಳಿಸಿದ’ ಎಂದು ಬರೆಯುವುದು ವಾಡಿಕೆ. ಬ್ರಿಟಿಷರ ಲೆಕ್ಕದಲ್ಲಿ ಕಣ್ಣೆದುರೇ ನಾಶವಾದ ವಿಮಾನವೂ ಸೇರುತ್ತಿತ್ತು, ಹತೋಟಿ ತಪ್ಪಿ ಕೆಳಗಿಳಿದದ್ದೂ ಸೇರುತ್ತಿತ್ತು, ಇಬ್ಬರು ಹಂಚಿಕೊಂಡದ್ದೂ ಸೇರುತ್ತಿತ್ತು. ರಾಯ್‌ನ ಹತ್ತರಲ್ಲೂ ಎಲ್ಲ ಬಗೆಯವು ಇವೆ. ಅಂದಮೇಲೆ ‘10 ಗೆಲುವು’ ಸರಿ, ‘ಉರುಳಿಸಿದ’ ತಪ್ಪು. ಇದರಲ್ಲಿ ನನಗೆ ಅನುಮಾನವಿಲ್ಲ, ಆದರೂ ಯಾರಾದರೂ ಒಪ್ಪದಿದ್ದರೆ ಹೇಳಿ.

ಈಗ ನಿಜವಾದ ತಲೆನೋವು: ಡೋಪ್. ಈ ವಿಮಾನಗಳ ರೆಕ್ಕೆ ಎಂದರೆ ಮರದ ಚೌಕಟ್ಟಿನ ಮೇಲೆ ಹೊಲಿದ ಲಿನನ್ ಬಟ್ಟೆ. ಅದರ ಮೇಲೆ ಪದರ ಪದರವಾಗಿ ಬಳಿಯುತ್ತಿದ್ದ ದ್ರವ ಒಣಗುತ್ತಾ ಬಟ್ಟೆಯನ್ನು ಎಳೆದು ಬಿಗಿಗೊಳಿಸುತ್ತಿತ್ತು, ಗಾಳಿ ನೀರು ದಾಟದಂತೆ ಮಾಡುತ್ತಿತ್ತು. ಒಳಗಿನ ಮರದ ಪಟ್ಟಿಗಳ ಏಣು ಬಟ್ಟೆಯ ಮೇಲೆ ಸಾಲಾಗಿ ಎದ್ದು ಕಾಣುವುದು ಆ ಬಿಗಿಯಿಂದಲೇ. ಕಲಾವಿದರು ಹೆಚ್ಚು ಬೆವರು ಸುರಿಸಿರುವುದೂ ಅಲ್ಲಿಯೇ. ‘ಡೋಪ್ ಬಳಿದ ರೆಕ್ಕೆ’ ಎಂದು ಬರೆದರೆ ಕ್ರೀಡಾಪುಟ ಓದುವವರಿಗೆ ಉದ್ದೀಪನ ಮದ್ದು ನೆನಪಾಗುತ್ತದೆ. ‘ಮೆರುಗೆಣ್ಣೆ’ ಹೊಳಪಿನ ಮಾತಾಡುತ್ತದೆ, ಇಲ್ಲಿ ಹೊಳಪು ಮುಖ್ಯವಲ್ಲ. ‘ಲೇಪ’ಕ್ಕೆ ರುಚಿಯೂ ಇಲ್ಲ ವಾಸನೆಯೂ ಇಲ್ಲ. ‘ಗಂಜಿ’ ಹತ್ತಿರ ಬಂತು: ಪಂಚೆಗೆ ಗಂಜಿ ಹಾಕಿ ಒಣಗಿಸಿದರೆ ಸೆಟೆದು ನಿಲ್ಲುತ್ತದಲ್ಲ. ಆದರೆ ಗಂಜಿ ಒಂದು ಮಳೆಗೆ ಕರಗಿಹೋಗುತ್ತದೆ, ಬೆಂಕಿಯನ್ನೂ ಹಿಡಿಯುವುದಿಲ್ಲ. ಆ ಕಾಲದ ನೈಟ್ರೇಟ್ ಬಗೆಯ ಡೋಪ್ ಬಲು ಬೇಗ ಹೊತ್ತಿಕೊಳ್ಳುತ್ತಿತ್ತು. ಉರಿಯುವ ವಿಮಾನದ ಚಿತ್ರವೊಂದೂ ಸರಣಿಯಲ್ಲಿ ಇರುವುದರಿಂದ ಟಿಪ್ಪಣಿಯ ಪದ ಅದನ್ನು ಮುಚ್ಚಿಡಬಾರದು. ‘ಬಿಗಿಲೇಪ’ ಎಂದು ನಾನೇ ಕಟ್ಟಿ ನೋಡಿದೆ. ಕಟ್ಟಿದ್ದು ಎಂದು ಕಾಣುತ್ತಲೇ ಇದೆ. ಬಟ್ಟೆಯನ್ನೋ ಚರ್ಮವನ್ನೋ ಹೀಗೆ ಬಳಿದು ಬಿಗಿಮಾಡುವ ಕಸುಬಿನವರ ಬಾಯಲ್ಲಿ ಬೇರೆ ಮಾತಿದೆಯೇ?

ಇದರ ಬಾಲದಲ್ಲೇ ಬಣ್ಣದ ಪ್ರಶ್ನೆ. ಬ್ರಿಟಿಷ್ ವಿಮಾನಗಳ ಮೇಲ್ಭಾಗಕ್ಕೆ ಬಳಿಯುತ್ತಿದ್ದ ಪಿ.ಸಿ.10 ಎಂಬ ಬಣ್ಣದಲ್ಲಿ ಇರುತ್ತಿದ್ದುದು ಹಳದಿ ಮಣ್ಣು ಮತ್ತು ಕಾಡಿಗೆ. ಬಿಸಿಲಿಗೆ ಲಿನನ್ ಜೀರ್ಣವಾಗದಿರಲಿ ಎಂಬುದು ಅದರ ಉದ್ದೇಶ. ಕಂಡದ್ದು ಹಸಿರೋ ಕಂದೋ ಎಂದು ಬಲ್ಲವರು ಇಂದಿಗೂ ಜಗಳವಾಡುತ್ತಾರೆ. ಫೋಟೋ ನೋಡಿ ಇತ್ಯರ್ಥ ಮಾಡುವಂತಿಲ್ಲ, ಏಕೆಂದರೆ ಆಗ ಹೆಚ್ಚಾಗಿ ಬಳಕೆಯಲ್ಲಿದ್ದ ಫೋಟೋ ಫಲಕಗಳು ಕೆಂಪನ್ನು ಕಪ್ಪಾಗಿಯೂ ನೀಲಿಯನ್ನು ಬಿಳಿಚಿಕೊಂಡಂತೆಯೂ ತೋರಿಸುತ್ತಿದ್ದವು. ‘ಖಾಕಿ’ ಎಂದರೆ ನಮ್ಮವರಿಗೆ ಪೊಲೀಸ್ ಸಮವಸ್ತ್ರ. ‘ಪಾಚಿ ಬಣ್ಣ’ ತೀರ ಹಸಿರು. ಮನೆಯಲ್ಲಿ ‘ಒಣಸಗಣಿ ಬಣ್ಣ’ ಎಂಬ ಸಲಹೆ ಬಂತು. ಬಣ್ಣಕ್ಕೆ ಸರಿಯಾಗಿ ಒಪ್ಪುತ್ತದೆ, ಗ್ಯಾಲರಿಯ ಗೋಡೆ ಒಪ್ಪುತ್ತದೋ ಗೊತ್ತಿಲ್ಲ.

ಎರಡನೆಯ ಚಿತ್ರದಲ್ಲಿ ಆ ಯುದ್ಧದ ಇನ್ನೊಬ್ಬ ಭಾರತೀಯ ಪೈಲಟ್ ಹರ್ದಿತ್ ಸಿಂಗ್ ಮಲಿಕ್ ಇದ್ದಾರೆ: 1917, 28ನೇ ಸ್ಕ್ವಾಡ್ರನ್, ಸೋಪ್‌ವಿತ್ ಕ್ಯಾಮೆಲ್. ಪ್ರೊಪೆಲರ್ ಜೊತೆಗೆ ಇಡೀ ಎಂಜಿನ್ನೇ ಗಿರ್ರನೆ ತಿರುಗುವ ವಿಮಾನ ಅದು. ಉಗುಳಿದ ಹರಳೆಣ್ಣೆಯ ಕಲೆ ಹೊಟ್ಟೆಯುದ್ದಕ್ಕೂ ಇರುತ್ತದೆ. (ಹರಳೆಣ್ಣೆಗಾದರೂ ಹೊಸ ಪದ ಹುಡುಕಬೇಕಿಲ್ಲ!) ಮಲಿಕ್ ಪೇಟದ ಮೇಲೆಯೇ ಕೂರುವಂತೆ ಹೊಲಿಸಿದ ದೊಡ್ಡ ಹೆಲ್ಮೆಟ್ ಧರಿಸುತ್ತಿದ್ದರು. ಈಗ ‘ಹೆಲ್ಮೆಟ್’ ಎಂದರೆ ಸ್ಕೂಟರಿನದು, ‘ಶಿರಸ್ತ್ರಾಣ’ ಎಂದರೆ ಕಬ್ಬಿಣದ್ದು. ಅದು ಮೆತ್ತನೆಯ ಚರ್ಮದ್ದು, ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟಿಕೊಳ್ಳುವಂಥದು. ಅಂದರೆ ಕುಲಾವಿ! ‘ಚರ್ಮದ ಕುಲಾವಿ’ ಎಂದು ಬರೆದಿದ್ದೇನೆ. ಕಲಾವಿದರಿಗೆ ತೊಟ್ಟಿಲ ಮಗು ನೆನಪಾಗಿ ನಗು ಬಂತಂತೆ. ದೊಡ್ಡವರ ತಲೆಗೂ ಕುಲಾವಿ ಹೇಳುವ ರೂಢಿ ನಿಮ್ಮ ಕಡೆ ಇದ್ದರೆ ಒಂದು ವಾಕ್ಯ ಬರೆದು ಕಳಿಸಿ, ಅವರಿಗೆ ತೋರಿಸುತ್ತೇನೆ.

ಚಿಕ್ಕವು ಎರಡು. ‘ಎರಡು ರೆಕ್ಕೆಯ ವಿಮಾನ’ ಎಂದರೆ ಎಡ-ಬಲ ಎಂದೇ ಅರ್ಥವಾಗುತ್ತದೆ, ಹಾಗಾಗಿ ಒಂದರ ಮೇಲೊಂದು ಇರುವುದಕ್ಕೆ ‘ಜೋಡಿರೆಕ್ಕೆ’ ಎಂದಿದ್ದೇನೆ. ಬಿಡಿಯಾಗಿ ಮೇಲ್‌ರೆಕ್ಕೆ, ಕೆಳರೆಕ್ಕೆ. ಇನ್ನು ರೆಕ್ಕೆಯ ಮೇಲಿನ ದುಂಡನೆಯ ಗುರುತು: ಬ್ರಿಟಿಷರದು ನಡುವೆ ಕೆಂಪು, ಅಂಚಿಗೆ ನೀಲಿ, ಫ್ರೆಂಚರದು ನಡುವೆ ನೀಲಿ, ಅಂಚಿಗೆ ಕೆಂಪು. ‘ವೃತ್ತಲಾಂಛನ’ ಬೇಡ. ‘ಚಕ್ರ’ ಎಂದರೆ ಕೆಳಗಿರುವ ಗಾಲಿಯೊಂದಿಗೆ ಗೊಂದಲ. ನನ್ನ ಮತ ‘ಬಿಲ್ಲೆ’ಗೆ. ನಿಮ್ಮದು?