‘ರಾಸಾಯನಿಕಗಳಿಗೆ ಒಡ್ಡಿಕೊಳ್ಳುವುದು’: ಈ ಬಳಕೆ ಹೊಂದುತ್ತದೆಯೇ?

ಮಾನ್ಯರೇ,

ಪ್ಲಾಸ್ಟಿಕ್‌ನಲ್ಲಿರುವ ರಾಸಾಯನಿಕಗಳಿಗೂ ರಕ್ತದ ಕೊಲೆಸ್ಟರಾಲ್ ಮಟ್ಟಕ್ಕೂ ಇರುವ ನಂಟನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಇಂಗ್ಲಿಷಿನಲ್ಲಿ ‘ಎಕ್ಸ್‌ಪೋಷರ್’ ಎನ್ನುವ ಕಡೆ ಕನ್ನಡದಲ್ಲಿ ‘ಒಡ್ಡಿಕೊಳ್ಳುವಿಕೆ’ ಎಂದು ಬರೆಯುವುದು ಈಗ ಹೆಚ್ಚುಕಡಿಮೆ ರೂಢಿಯಾಗಿದೆ. ಈ ವಿಷಯದ ಮಟ್ಟಿಗೆ ಆ ಪದ ಇರುವುದನ್ನು ಇರುವಂತೆ ಹೇಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಾರಣಗಳನ್ನು ಕೆಳಗೆ ವಿವರಿಸಿದ್ದೇನೆ. ಬಲ್ಲವರು ಹೊಂದುವ ಪದವನ್ನು ಸೂಚಿಸಬೇಕೆಂದು ಕೋರುತ್ತೇನೆ.

‘ಒಡ್ಡು’ ಎಂಬುದು ಮಾಡುವವರ ಇಚ್ಛೆಯನ್ನು ಒಳಗೊಂಡ ಕ್ರಿಯಾಪದ. ಕೈಯೊಡ್ಡುತ್ತೇವೆ, ಎದೆಯೊಡ್ಡುತ್ತೇವೆ, ಎಳೆಬಿಸಿಲಿಗೆ ಮೈಯೊಡ್ಡುತ್ತೇವೆ. ಬಲೆಯನ್ನಾಗಲಿ, ಆಮಿಷವನ್ನಾಗಲಿ, ಷರತ್ತನ್ನಾಗಲಿ ಯಾರೋ ಒಬ್ಬರು ಬೇಕೆಂದೇ ಒಡ್ಡುತ್ತಾರೆ. ಅದಕ್ಕೆ ‘ಕೊಳ್ಳು’ ಸೇರಿತೆಂದರೆ ಒಡ್ಡಿದವರೂ ಒಡ್ಡಿಗೆ ಸಿಕ್ಕವರೂ ಒಬ್ಬರೇ ಆಗುತ್ತಾರೆ. ‘ಬೆಂಕಿ ಹತ್ತಿಕೊಂಡಿತು’, ‘ಬಾಗಿಲು ತೆರೆದುಕೊಂಡಿತು’ ಎಂಬಲ್ಲಿ ‘ಕೊಳ್ಳು’ ತಾನಾಗಿ ನಡೆದುದನ್ನೂ ಹೇಳುತ್ತದೆಯಲ್ಲ ಎಂಬ ಆಕ್ಷೇಪ ಬರಬಹುದು, ಮತ್ತು ಅದು ನ್ಯಾಯವಾದ ಆಕ್ಷೇಪವೇ. ಆದರೆ ಅಲ್ಲಿ ಕರ್ತೃಸ್ಥಾನದಲ್ಲಿರುವುದು ಜಡವಸ್ತು. ‘ಅವರು ಅಪಾಯಕ್ಕೆ ಒಡ್ಡಿಕೊಂಡರು’ ಎಂದು ಮನುಷ್ಯರ ಬಗ್ಗೆ ಹೇಳಿದಾಗ, ತಿಳಿದೂ ಹೋದರು ಎಂಬ ಧ್ವನಿಯೇ ಮೊದಲು ಕಿವಿಗೆ ಬೀಳುತ್ತದೆ.

ಇದು ಬರಿಯ ವ್ಯಾಕರಣದ ಮಾತಲ್ಲ ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗವನ್ನು ನೋಡಬಹುದು. ಪಶ್ಚಿಮ ವರ್ಜೀನಿಯಾ ಮತ್ತು ಓಹಾಯೊ ರಾಜ್ಯಗಳ ಗಡಿಯಲ್ಲಿ, ಓಹಾಯೊ ನದಿಯ ಕಣಿವೆಯಲ್ಲಿ, ಟೆಫ್ಲಾನ್ ತಯಾರಿಕೆಗೆ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕ ಕುಡಿಯುವ ನೀರಿಗೆ ಸೇರಿತ್ತು. ನ್ಯಾಯಾಲಯದ ರಾಜಿ ಒಪ್ಪಂದದ ಫಲವಾಗಿ 2005–06ರಲ್ಲಿ ಅಲ್ಲಿನ ಸುಮಾರು 69,000 ಜನರ ರಕ್ತವನ್ನು ಪರೀಕ್ಷಿಸಲಾಯಿತು. ರಕ್ತದಲ್ಲಿ ಪಿಎಫ್‌ಒಎ ಹೆಚ್ಚಿದ್ದವರಲ್ಲಿ ಒಟ್ಟು ಕೊಲೆಸ್ಟರಾಲ್ ಮತ್ತು ‘ಕೆಟ್ಟ ಕೊಲೆಸ್ಟರಾಲ್’ ಎನಿಸಿಕೊಂಡ ಎಲ್‌ಡಿಎಲ್ ಕೊಲೆಸ್ಟರಾಲ್ ಎರಡೂ ಹೆಚ್ಚಿದ್ದುದು ಕಂಡುಬಂದಿತು. ಈಗ ಇವರನ್ನು ‘ಪಿಎಫ್‌ಒಎಗೆ ಒಡ್ಡಿಕೊಂಡ ನಿವಾಸಿಗಳು’ ಎಂದು ಬರೆಯೋಣವೇ? ಮನೆಯ ನಲ್ಲಿಯಲ್ಲಿ ಬಂದ ನೀರನ್ನು ಕುಡಿದವರು ತಮ್ಮನ್ನು ಯಾವುದಕ್ಕೂ ಒಡ್ಡಿಕೊಳ್ಳಲಿಲ್ಲ. ‘ಒಡ್ಡಲ್ಪಟ್ಟ’ ಎಂದರೆ ಈ ದೋಷ ನೀಗುತ್ತದೆ ನಿಜ, ಆದರೆ ಮಾತಿನಲ್ಲಿ ಯಾರೂ ಆಡದ ಆ ರೂಪವನ್ನು ಒಂದೇ ಲೇಖನದಲ್ಲಿ ಮತ್ತೆ ಮತ್ತೆ ಓದುವುದು ಕಷ್ಟ.

ಥ್ಯಾಲೇಟ್‌ಗಳ ವಿಷಯವೂ ಹೀಗೆಯೇ. ಗಡುಸಾದ ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು ಬಾಗುವಂತೆ ಮೆತ್ತಗಾಗಿಸಲು ಥ್ಯಾಲೇಟ್‌ಗಳನ್ನು ಬೆರೆಸುತ್ತಾರೆ. ಮೆತ್ತನೆಯ ಪಿವಿಸಿಯ ತೂಕದಲ್ಲಿ ಶೇ. 30ರಿಂದ 40ರಷ್ಟು ಇದೇ ಇರುವುದುಂಟು. ಅವು ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಪಳಿಗಳ ನಡುವೆ ಸುಮ್ಮನೆ ಸೇರಿಕೊಂಡಿರುತ್ತವೆಯೇ ಹೊರತು ರಾಸಾಯನಿಕ ಬಂಧದಿಂದ ಬಿಗಿಯಾಗಿರುವುದಿಲ್ಲ. ಆದ್ದರಿಂದ ಶಾಖ ತಾಗಿದಾಗ, ಎಣ್ಣೆ ಅಥವಾ ಕೊಬ್ಬಿನ ಪದಾರ್ಥ ಜೊತೆಗಿದ್ದಾಗ ಮೆಲ್ಲಗೆ ಹೊರಬರುತ್ತವೆ. ಈ ಹೊರಬರುವಿಕೆಗೆ ‘ಸೋರಿಕೆ’ ಎಂದು ಬರೆಯುವವರಿದ್ದಾರೆ. ಸೋರುವುದು ತೂತಿನಿಂದ, ಬಿರುಕಿನಿಂದ. ಇಲ್ಲಿ ಡಬ್ಬಿಗೆ ಯಾವ ಊನವೂ ಆಗಿರುವುದಿಲ್ಲ. ಹೊಸ ಬಟ್ಟೆ ನೀರಿನಲ್ಲಿ ಬಣ್ಣ ಬಿಡುವಂತೆ ಪ್ಲಾಸ್ಟಿಕ್ ಥ್ಯಾಲೇಟ್ ಬಿಡುತ್ತದೆ, ಅಷ್ಟೇ. ಹಾಗಾಗಿ ‘ಪ್ಲಾಸ್ಟಿಕ್ ಬಿಡುವ ರಾಸಾಯನಿಕಗಳು’ ಎಂದು ಬರೆಯಲು ನಿರ್ಧರಿಸಿದ್ದೇನೆ. ಇದರ ಬಗ್ಗೆ ನನಗೆ ಸಂದೇಹವಿಲ್ಲ.

ಸಂದೇಹವಿರುವುದು ಮೊದಲಿನ ಪದದ ಬಗ್ಗೆಯೇ. ‘ತೆರೆದುಕೊಳ್ಳುವಿಕೆ’ ಇನ್ನೊಂದು ಪ್ರಚಲಿತ ಪದ. ಆದರೆ ‘ಹೊಸ ವಿಚಾರಗಳಿಗೆ ತೆರೆದುಕೊಂಡ ಮನಸ್ಸು’ ಎಂಬಂತಹ ಪ್ರಯೋಗಗಳಿಂದ ಅದಕ್ಕೆ ಸ್ವಾಗತದ, ಮೆಚ್ಚುಗೆಯ ಬಣ್ಣ ಹತ್ತಿಬಿಟ್ಟಿದೆ. ‘ಸಂಪರ್ಕ’ ತೀರ ತೆಳು. ಡಬ್ಬಿಯನ್ನು ಮುಟ್ಟಿದರೂ ಸಂಪರ್ಕವೇ, ಅದರಲ್ಲಿದ್ದುದನ್ನು ಉಂಡರೂ ಸಂಪರ್ಕವೇ. ‘ಸೋಂಕು’ ಮೂಲಾರ್ಥದಲ್ಲಿ ಬಹಳ ಚೆನ್ನಾಗಿ ಹೊಂದುತ್ತಿತ್ತು, ಆದರೆ ಇಂದಿನ ಓದುಗರಿಗೆ ಅದು ರೋಗಾಣುವಿನದೇ ಆಗಿದೆ, ಮರಳಿ ಪಡೆಯುವಂತಿಲ್ಲ.

‘ತಾಗು’, ‘ತಗುಲು’ ಎಂಬವುಗಳ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ‘ನನಗೆ ಬಿಸಿ ತಾಗಿತು’, ‘ಮಗುವಿಗೆ ಶೀತ ತಗುಲಿತು’ ಎಂಬ ವಾಕ್ಯಗಳಲ್ಲಿ ಹೊರಗಿನಿಂದ ಬಂದದ್ದು ಕರ್ತೃವಾಗಿರುತ್ತದೆ, ಮನುಷ್ಯರು ‘ಗೆ’ ವಿಭಕ್ತಿಯಲ್ಲಿರುತ್ತಾರೆ. ನಮಗೆ ಬೇಕಾದ ವಾಕ್ಯದ ಆಕಾರ ಇದೇ. ತೊಡಕೆಂದರೆ, ತಗುಲಿತು ಎಂದೊಡನೆ ಕೇಡು ಆಗಿಯೇ ಹೋಯಿತು ಎಂದು ಅರ್ಥವಾಗುತ್ತದೆ. ಸಂಶೋಧಕರು ಇನ್ನೂ ಕೇಳುತ್ತಿರುವ ಪ್ರಶ್ನೆಗೆ ಈ ಪದ ಮೊದಲೇ ಉತ್ತರ ಕೊಟ್ಟುಬಿಡುತ್ತದೆ.

ಹೀಗೆ ಹುಡುಕುತ್ತ ನಾನು ಬಂದು ನಿಂತಿರುವುದು ‘ಮೈಸೇರು’ ಎಂಬ ಪದದ ಬಳಿ. ‘ಹೊಟ್ಟೆ ಸೇರಿತು’, ‘ಗೂಡು ಸೇರಿತು’ ಎನ್ನುವಂತೆ ಇದು ಸಹಜವಾದ ಕೂಡುಪದ. ಇಚ್ಛೆಯನ್ನೂ ಹೇಳುವುದಿಲ್ಲ, ಕೇಡನ್ನೂ ಹೇಳುವುದಿಲ್ಲ. ಇನ್ನೊಂದು ಅನುಕೂಲವೂ ಇದೆ. ಈ ಬಗೆಯ ಬಹುಪಾಲು ಅಧ್ಯಯನಗಳು ಜನರು ಯಾವ ಡಬ್ಬಿಯನ್ನು ಮುಟ್ಟಿದರು ಎಂದು ಲೆಕ್ಕ ಹಾಕುವುದಿಲ್ಲ. ಮೂತ್ರದಲ್ಲಿಯೋ ರಕ್ತದಲ್ಲಿಯೋ ರಾಸಾಯನಿಕದ, ಅಥವಾ ಅದು ದೇಹದಲ್ಲಿ ಮಾರ್ಪಟ್ಟ ರೂಪದ, ಪ್ರಮಾಣವನ್ನು ಅಳೆಯುತ್ತವೆ. ಅಂದರೆ ಅವು ಅಳೆಯುವುದು ಮೈಸೇರಿದ್ದನ್ನೇ.

ಆದರೆ ‘ಸೇರು’ ಎಂಬುದರಲ್ಲಿ ಒಳಹೊಕ್ಕು ಅಲ್ಲಿಯೇ ಉಳಿಯಿತು ಎಂಬ ಎಳೆಯೂ ಇದೆಯಲ್ಲವೇ? ಕೆಲವು ಗಡುಸು ಪ್ಲಾಸ್ಟಿಕ್‌ಗಳ ತಯಾರಿಕೆಯಲ್ಲಿ ಬಳಸುವ ಬಿಸ್ಫಿನಾಲ್-ಎ ಎಂಬ ರಾಸಾಯನಿಕ ಅಷ್ಟು ಹೊತ್ತು ಉಳಿಯುವುದಿಲ್ಲ. ಯಕೃತ್ತು ಅದನ್ನು ನೀರಿನಲ್ಲಿ ಕರಗುವ ರೂಪಕ್ಕೆ ಬದಲಿಸುತ್ತದೆ, ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಹೋಗುತ್ತದೆ. ಥ್ಯಾಲೇಟ್‌ಗಳೂ ಬೇಗನೆ ಹೋಗುತ್ತವೆ. ಅವು ಮೂತ್ರದಲ್ಲಿ ಮತ್ತೆ ಮತ್ತೆ ಕಾಣಿಸುವುದಕ್ಕೆ ಕಾರಣ ಅವು ಉಳಿದಿರುವುದಲ್ಲ, ಪ್ರತಿದಿನವೂ ಹೊಸದಾಗಿ ಬರುತ್ತಿರುವುದು. ಪಿಎಫ್‌ಒಎ ಇದಕ್ಕೆ ತೀರ ಬೇರೆ: ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ವರ್ಷಗಳೇ ಬೇಕು. ಮೊದಲನೆಯವುಗಳಿಗೆ ‘ಮೈಹಾಯು’ ಎಂದೂ ಎರಡನೆಯದಕ್ಕೆ ‘ಮೈಯಲ್ಲಿ ನೆಲಸು’ ಎಂದೂ ಬೇರ್ಪಡಿಸಿ, ಎರಡಕ್ಕೂ ಸಾಮಾನ್ಯವಾಗಿ ‘ಮೈಸೇರು’ ಎಂದು ಇಟ್ಟುಕೊಳ್ಳಬಹುದೇ? ಅಥವಾ ‘ಸೇರು’ ಎಂಬುದರಲ್ಲಿ ನೆಲೆಯ ಅರ್ಥವೇ ಬಲವಾಗಿ ಓದುಗರನ್ನು ದಾರಿ ತಪ್ಪಿಸೀತೇ? ಇದು ನನ್ನ ಮುಖ್ಯ ಪ್ರಶ್ನೆ.

ಇದಕ್ಕೆ ಹತ್ತಿದ ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ‘ಹೆಚ್ಚು’ ಎಂಬ ಕ್ರಿಯಾಪದಕ್ಕೆ ಒಂದು ‘ಇಸು’ ಸೇರಿಸಿದರೆ ಸಾಕು, ಕನ್ನಡದಲ್ಲಿ ಕಾರಣದ ಹೊರೆ ಒಬ್ಬರ ಮೇಲೆ ಬೀಳುತ್ತದೆ. 2021ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ವಿಭಾಗದ ಸಂಶೋಧಕರು ಡೈಸೈಕ್ಲೊಹೆಕ್ಸಿಲ್ ಥ್ಯಾಲೇಟ್ ಎಂಬುದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಕರುಳಿನ ಜೀವಕೋಶಗಳಲ್ಲಿ ಪಿಎಕ್ಸ್‌ಆರ್ ಎಂಬ ಗ್ರಾಹಿಯೊಂದಿದೆ. ಹೊರಗಿನಿಂದ ಬಂದ ರಾಸಾಯನಿಕಗಳನ್ನು ಗುರುತಿಸಿ, ಅವುಗಳನ್ನು ಹೊರಹಾಕುವ ಏರ್ಪಾಡನ್ನು ಚಾಲನೆಗೊಳಿಸುವುದು ಅದರ ಕೆಲಸ. ಈ ಥ್ಯಾಲೇಟ್ ಅದಕ್ಕೆ ಅಂಟಿಕೊಂಡು ಅದನ್ನು ಎಚ್ಚರಿಸಿದಾಗ, ಆಹಾರದಿಂದ ಕೊಲೆಸ್ಟರಾಲನ್ನು ಹೀರಿ ಸಾಗಿಸುವ ಪ್ರೋಟೀನುಗಳೂ ಹೆಚ್ಚು ತಯಾರಾದವು, ರಕ್ತದ ಕೊಲೆಸ್ಟರಾಲ್ ಏರಿತು. ಕರುಳಿನಲ್ಲಿ ಆ ಗ್ರಾಹಿಯೇ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಏರಲಿಲ್ಲ. ಇಂತಹ ಪ್ರಯೋಗದ ಬಗ್ಗೆ ‘ಹೆಚ್ಚಿಸಿತು’ ಎಂದು ಧೈರ್ಯವಾಗಿ ಬರೆಯಬಹುದು.

ಮನುಷ್ಯರನ್ನು ಕುರಿತ ಸಮೀಕ್ಷೆಗಳಿಗೆ ಅದೇ ‘ಇಸು’ ಹಚ್ಚಿ ‘ಪ್ಲಾಸ್ಟಿಕ್ ಕೊಲೆಸ್ಟರಾಲ್ ಹೆಚ್ಚಿಸುತ್ತದೆ’ ಎಂದು ತಲೆಬರಹ ಕೊಡುವುದನ್ನು ನಾನು ಒಪ್ಪಲಾರೆ. ಅಲ್ಲಿ ಕಂಡಿರುವುದು ಎರಡೂ ಒಟ್ಟಿಗೆ ಹೆಚ್ಚಿರುವುದು. ಪಿಎಫ್‌ಒಎಯಂತಹವು ಪಿತ್ತರಸದೊಂದಿಗೆ ಕರುಳಿಗೆ ಹೋಗಿ ಮತ್ತೆ ರಕ್ತಕ್ಕೆ ಮರಳುತ್ತವೆ. ಕೊಲೆಸ್ಟರಾಲಿನಿಂದ ತಯಾರಾಗುವ ಪಿತ್ತಾಮ್ಲಗಳ ದಾರಿಯೂ ಅದೇ, ಹಾಗಾಗಿ ಎರಡರ ಏರಿಕೆಗೂ ಬೇರೊಂದೇ ಕಾರಣ ಇದ್ದೀತೇ ಎಂದು ಪರಿಶೀಲಿಸಬೇಕಾಗುತ್ತದೆ. ಓಹಾಯೊ ಕಣಿವೆಯ ದತ್ತಾಂಶವನ್ನು ಪರಿಶೀಲಿಸಿದ ವಿಜ್ಞಾನಿಗಳ ಸಮಿತಿಯೂ 2012ರಲ್ಲಿ ಬಳಸಿದ್ದು ‘ಸಂಭವನೀಯ ನಂಟು’ ಎಂಬ ಅರ್ಥದ ಮಾತನ್ನೇ, ಮತ್ತು ನಂಟು ಇಲ್ಲದಿರುವುದಕ್ಕಿಂತ ಇರುವ ಸಾಧ್ಯತೆಯೇ ಹೆಚ್ಚು ಎಂದು ಅದರ ಅರ್ಥವನ್ನು ಬಿಡಿಸಿಯೂ ಹೇಳಿತ್ತು. ಆ ಎಚ್ಚರ ಕನ್ನಡದಲ್ಲಿಯೂ ಉಳಿಯಬೇಕು.

ಕೊನೆಯದಾಗಿ ಒಂದು ವ್ಯಾವಹಾರಿಕ ತೊಂದರೆ. ವಾಕ್ಯಗಳಲ್ಲಿ ‘ಮೈಸೇರಿದ’, ‘ಮೈಸೇರುವ’ ಎಂದು ಸಾಗಿಸಬಹುದು. ಕೋಷ್ಟಕದ ತಲೆಪಟ್ಟಿಗೆ ನಾಮಪದವೇ ಬೇಕು. ‘ಸೇವನೆ’ ಎನ್ನಲು ಮನಸ್ಸು ಬರುವುದಿಲ್ಲ, ಔಷಧಸೇವನೆಯಂತೆ ಅದೂ ತಿಳಿದು ಮಾಡುವ ಕೆಲಸ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಬಿಸ್ಫಿನಾಲ್-ಎಯ ದಿನವಹಿ ಮಿತಿಯನ್ನು ದೇಹತೂಕದ ಪ್ರತಿ ಕಿಲೋಗ್ರಾಮಿಗೆ 4 ಮೈಕ್ರೊಗ್ರಾಮಿನಿಂದ 0.2 ನ್ಯಾನೊಗ್ರಾಮಿಗೆ, ಅಂದರೆ 20,000 ಪಟ್ಟು, ಇಳಿಸಿತು. ಈ ಅಂಕಿಗಳ ಮೇಲೆ ‘ದಿನವಹಿ ಮೈಸೇರಿಕೆಯ ಮಿತಿ’ ಎಂದು ಬರೆದರೆ ಓದುಗರಿಗೆ ತಟ್ಟನೆ ತಿಳಿದೀತೇ, ಇಲ್ಲವೇ ‘ದಿನವೊಂದಕ್ಕೆ ಮೈಸೇರಬಹುದಾದ ಗರಿಷ್ಠ ಪ್ರಮಾಣ’ ಎಂದು ಬಿಡಿಸಿಯೇ ಬರೆಯಬೇಕೇ? ವೈದ್ಯಕೀಯ ಬರವಣಿಗೆಯಲ್ಲಿ ಅನುಭವವಿರುವವರೂ, ‘ಮೈಸೇರು’ ಪದದ ಹಳೆಯ ಪ್ರಯೋಗಗಳನ್ನು ಬಲ್ಲವರೂ ದಯವಿಟ್ಟು ಉತ್ತರಿಸಬೇಕು.