ಕಸ್ಟಮ್ ರೈಫಲ್‌ಗೆ ಬುನಾದಿ ಯಾವುದಾಗಬೇಕು: ಟಿಕ್ಕಾ ಟಿ3ಎಕ್ಸ್, ಬೆರ್ಗಾರಾ ಬಿ-14, ರೆಮಿಂಗ್ಟನ್ 700? (ಈಗಿರುವುದು ನಾಲ್ಕನೆಯ ಈಡಿಗೆ ದಾರಿ ತಪ್ಪುತ್ತಿದೆ)

ಈಡುಗಾರ65:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಒಂದೇ ರೈಫಲ್‌ನೊಡನೆ ಹೆಣಗಿ, ಕೈಸೋತು ಇಲ್ಲಿ ಕೇಳುತ್ತಿದ್ದೇನೆ. ಮೊದಲ ಮೂರು ಈಡುಗಳು ಸರಾಸರಿ 17 ಮಿ.ಮೀ. ಒಳಗೆ ಬಂದು ಕೂರುತ್ತವೆ. ಆಮೇಲೆ ನಾಲ್ಕನೆಯದೋ ಐದನೆಯದೋ ಬದಿಗೆ ಸರಿದು ಇಡೀ ಗ್ರೂಪನ್ನು (ಗುರಿಯ ಮೇಲೆ ಗುಂಡುಗಳು ಬಿದ್ದ ಗುಂಪನ್ನು) 45 ಮಿ.ಮೀ.ಗೆ ಹಿಗ್ಗಿಸುತ್ತದೆ. ತಯಾರಕರ ಹೆಸರು ಬರೆಯುವುದಿಲ್ಲ. ರೆಮಿಂಗ್ಟನ್ 700ರ ವಿನ್ಯಾಸವನ್ನೇ ಅನುಸರಿಸಿ ಮಾಡಿದ ರೈಫಲ್, 6.5 ಕ್ರೀಡ್‌ಮೋರ್ ಕಾಡತೂಸಿನದು. ಇದನ್ನು ಬದಿಗಿಟ್ಟು, ಕಾರ್ಖಾನೆಯ ಒಂದು ಒಳ್ಳೆಯ ರೈಫಲ್ ಕೊಂಡು ಅದರ ಆ್ಯಕ್ಷನ್ (ರಿಸೀವರ್, ಬೋಲ್ಟ್ ಇರುವ ನಡುಭಾಗ) ಮೇಲೆ ಕಸ್ಟಮ್ ಕಟ್ಟಿಸಬೇಕೆಂದು ನಿರ್ಧರಿಸಿದ್ದೇನೆ. ಶೀರ್ಷಿಕೆಯಲ್ಲಿರುವ ಮೂರೂ ಕಾಗದದ ಮೇಲೆ ಒಂದೇ ತೆರನಾಗಿ ಕಾಣುತ್ತವೆ. ದಯವಿಟ್ಟು ಯಾವುದಾದರೂ ಒಂದನ್ನು ಸ್ಪಷ್ಟವಾಗಿ ಹೇಳಿ.

ಉಕ್ಕಿನನಳಿಗೆ:
ನಿಮ್ಮ ವರ್ಣನೆಯನ್ನು ಓದಿದ ಕೂಡಲೇ ಗೊತ್ತಾಯಿತು, ಇದು ಬ್ಯಾರಲ್‌ನ ಒಳಬಿಗುವಿನ ಸಮಸ್ಯೆ. ತಯಾರಿಕೆಯಲ್ಲಿ ಉಕ್ಕಿನೊಳಗೆ ಉಳಿದ ಒತ್ತಡ ಸರಿಯಾಗಿ ಇಳಿಯದಿದ್ದರೆ, ಬ್ಯಾರಲ್ ತಣ್ಣಗಿರುವಾಗ ನೇರವಾಗಿರುತ್ತದೆ, ಮೂರು ಈಡಿನ ಬಿಸಿ ಏರಿದೊಡನೆ ಒಂದು ಕಡೆಗೆ ಬಾಗುತ್ತದೆ. ಬ್ಯಾರಲ್ ಬದಲಿಸಿ, ಬೇರೇನೂ ಬೇಡ. ಹೊಸದಕ್ಕೆ ರೆಮಿಂಗ್ಟನ್ 700 ಆ್ಯಕ್ಷನ್ ತೆಗೆದುಕೊಳ್ಳಿ. 1962ರಿಂದ ಇರುವ ವಿನ್ಯಾಸ, ಅದಕ್ಕೆ ಸಿಗುವಷ್ಟು ಬಿಡಿಭಾಗಗಳು ಬೇರೆ ಯಾವುದಕ್ಕೂ ಸಿಗುವುದಿಲ್ಲ.

ಲೇತ್‌ಮನೆ:
ಈಡುಗಾರರೇ, ಎಷ್ಟು ದೂರದಲ್ಲಿ, ಯಾವ ಕಾಡತೂಸು, ಯಾವ ಸ್ಕೋಪ್, ಯಾವ ರಿಂಗ್, ಆ್ಯಕ್ಷನ್ ಸ್ಕ್ರೂಗಳ ಟಾರ್ಕ್ ಎಷ್ಟು, ಬೈಪಾಡ್ ಮೇಲೋ ಮರಳಿನ ಚೀಲದ ಮೇಲೋ ಎಂಬುದೊಂದನ್ನೂ ನೀವು ಬರೆದಿಲ್ಲ. ಅವು ತಿಳಿಯದೆ ಹಳೆಯ ರೈಫಲ್ ಬಗ್ಗೆ ನಾನು ಏನೂ ಹೇಳಲಾರೆ. ಹೋಲಿಕೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಕಸ್ಟಮ್ ಕಟ್ಟುವವನು ಕಾರ್ಖಾನೆಯ ರೈಫಲ್ ಎಷ್ಟು ಚಿಕ್ಕ ಗ್ರೂಪ್ ಕೊಡುತ್ತದೆ ಎಂಬುದನ್ನು ನೋಡಿ ಪ್ರಯೋಜನವಿಲ್ಲ. ಆ ಗ್ರೂಪ್ ಕೊಟ್ಟ ಬ್ಯಾರಲ್ಲನ್ನೂ ಸ್ಟಾಕನ್ನೂ ಮೊದಲು ಕಿತ್ತು ಹಾಕುವವನು ಅವನೇ. ನೋಡಬೇಕಾದದ್ದು ಉಳಿಯುವ ಭಾಗಗಳನ್ನು: ರಿಸೀವರ್ (ಬೋಲ್ಟ್ ಓಡಾಡುವ ಗೂಡು), ಬೋಲ್ಟ್ (ಕಾಡತೂಸನ್ನು ಒಳತಳ್ಳಿ ಬೀಗ ಹಾಕುವ ಭಾಗ), ರಿಕಾಯಿಲ್ ಲಗ್ (ಹಿನ್ನೂಕನ್ನು ಸ್ಟಾಕಿಗೆ ದಾಟಿಸುವ ಗೂಟ), ಮತ್ತು ಬ್ಯಾರಲ್ ರಿಸೀವರ್‌ಗೆ ಸೇರುವ ಕೀಲು.

ರೆಮಿಂಗ್ಟನ್ 700ರಲ್ಲಿ ರಿಸೀವರ್ ದುಂಡನೆಯ ಕೊಳವೆ, ಲಗ್ ಪ್ರತ್ಯೇಕವಾದ ಬಿಲ್ಲೆ; ಅದು ಬ್ಯಾರಲ್‌ನ ಭುಜಕ್ಕೂ ರಿಸೀವರ್‌ನ ಮೂತಿಗೂ ನಡುವೆ ಸಿಕ್ಕಿಕೊಂಡು ಕೂರುತ್ತದೆ. ಆದ್ದರಿಂದ ಆ ಬಿಲ್ಲೆಯ ಎರಡು ಮುಖಗಳು ಸಮಾನಾಂತರವಾಗಿಲ್ಲದಿದ್ದರೆ ಬ್ಯಾರಲ್ ಅಷ್ಟರಮಟ್ಟಿಗೆ ಓರೆಯಾಗುತ್ತದೆ. ಗನ್‌ಸ್ಮಿತ್‌ಗಳು ಈ ಆ್ಯಕ್ಷನ್ನಿನ ಮುಖವನ್ನೂ ಥ್ರೆಡ್ಡನ್ನೂ ಬೋಲ್ಟ್ ಲಗ್ಗುಗಳನ್ನೂ (ಬೀಗ ಹಾಕುವ ಹಲ್ಲುಗಳನ್ನೂ) ಲೇತಿನಲ್ಲಿ ಒಂದೇ ಅಕ್ಷಕ್ಕೆ ತರುವ ಕೆಲಸವನ್ನು ಇಷ್ಟು ವರ್ಷಗಳಿಂದ ಮಾಡುತ್ತ ಬಂದಿರುವುದು ಸುಮ್ಮನೆ ಅಲ್ಲ. ಬೋಲ್ಟ್ ಎತ್ತುವ ಕೋನ 90 ಡಿಗ್ರಿ.

ಟಿಕ್ಕಾ ಫಿನ್ಲೆಂಡಿನ ಸಾಕೋ ಕಾರ್ಖಾನೆಯದು. ಟಿ3 ಬಂದದ್ದು 2003ರಲ್ಲಿ, ಟಿ3ಎಕ್ಸ್ 2016ರಲ್ಲಿ. ಇದರಲ್ಲಿ ಲಗ್ ರಿಸೀವರ್‌ಗೆ ಅಂಟಿಕೊಂಡಿಲ್ಲ. ಸ್ಟಾಕ್‌ನಲ್ಲಿ ಕೂರಿಸಿದ ತುಂಡು ರಿಸೀವರ್‌ನ ಅಡಿಯಲ್ಲಿ ಕೊರೆದ ತೋಡಿಗೆ ಸಿಕ್ಕಿಕೊಳ್ಳುತ್ತದೆ. ಬ್ಯಾರಲ್‌ನ ಕೀಲಿನ ನಡುವೆ ಬಿಲ್ಲೆ ಇಲ್ಲ. ಬೋಲ್ಟ್ 70 ಡಿಗ್ರಿಗೆ ಎದ್ದುಬಿಡುತ್ತದೆ, ಓಟವೂ ಬಹಳ ನಯ. ಯಂತ್ರಕೆಲಸದ ಅಳತೆಗಳು ಒಂದರಿಂದ ಒಂದಕ್ಕೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ, ಮೊದಲೇ ಚೇಂಬರ್ (ಕಾಡತೂಸು ಕೂರುವ ಗೂಡು) ಮಾಡಿಟ್ಟ ಭುಜದ ಬ್ಯಾರಲ್‌ಗಳನ್ನು ಇದಕ್ಕೆಂದು ಮಾರುತ್ತಾರೆ. ಕೊರತೆಯೆಂದರೆ, ಚಿಕ್ಕ ಕಾಡತೂಸಿಗೂ ದೊಡ್ಡದಕ್ಕೂ ಒಂದೇ ಉದ್ದದ ಆ್ಯಕ್ಷನ್, ಮತ್ತು ಸ್ಟಾಕನ್ನೋ ಚಾಸಿಯನ್ನೋ (ಲೋಹದ ಚೌಕಟ್ಟಿನ ಸ್ಟಾಕನ್ನೋ) ಟಿಕ್ಕಾಗೆಂದೇ ಹುಡುಕಬೇಕು.

ಬೆರ್ಗಾರಾ ಬಿ-14 ಸ್ಪೇನಿನದು. ಅದರ ಎಚ್‌ಎಂಆರ್ ಮಾದರಿಯ ಸ್ಟಾಕಿನೊಳಗೆ ಲೋಹದ ಕಿರುಚಾಸಿ ಎರಕವಾಗಿ ಕೂತಿದೆ, ಎಐಸಿಎಸ್ ಎಂಬ ಮಾದರಿಯ, ಕಳಚಿ ಹಾಕುವ ಮ್ಯಾಗಜಿನ್ ನೇರವಾಗಿ ಹಿಡಿಯುತ್ತದೆ, ರೆಮಿಂಗ್ಟನ್ 700ರ ಚಾಸಿಗಳೂ ಟ್ರಿಗರ್‌ಗಳೂ ಹೊಂದುತ್ತವೆ. ಆದರೆ ಚಾಸಿ ಹೊಂದಿತೆಂದ ಮಾತ್ರಕ್ಕೆ ಬ್ಯಾರಲ್‌ನ ಥ್ರೆಡ್ಡೂ ಹೊಂದುತ್ತದೆಂದು ನಂಬಿ ಆರ್ಡರ್ ಕೊಡಬೇಡಿ. ಅಡಿಯ ಆಕಾರ ಬೇರೆ, ಮೂತಿಯ ಅಳತೆ ಬೇರೆ.

ನನ್ನ ಆಯ್ಕೆ ಟಿಕ್ಕಾ. ಲೇತಿನಲ್ಲಿ ಅತಿ ಕಡಿಮೆ ಕೆಲಸ ಬೇಡುವುದು ಅದೇ.

ಮೂರುಲಗ್ಗು:
ರೂಗರ್ ಪ್ರಿಸಿಷನ್ ರೈಫಲ್ಲನ್ನು ಪಟ್ಟಿಯಿಂದ ಬಿಟ್ಟದ್ದೇಕೆ? 2015ರಲ್ಲಿ ಬಂದದ್ದು, ಬೋಲ್ಟ್‌ಗೆ ಮೂರು ಲಗ್ಗು, 70 ಡಿಗ್ರಿ ಎತ್ತು, ಬ್ಯಾರಲ್ ನಟ್‌ನಿಂದ ಕೂರುವುದರಿಂದ ಬದಲಿಸುವುದೂ ಸುಲಭ. ನಾನು ಅದಕ್ಕೆ 26 ಇಂಚಿನ ದಪ್ಪ ಬ್ಯಾರಲ್ ಕೂರಿಸಿ, ಟ್ರಿಗರ್ ಬದಲಿಸಿ, ಮುಂದೆ ತೂಕ ಸೇರಿಸಿದ್ದೇನೆ. ಒಟ್ಟು ಎಂಟು ಕೆ.ಜಿ. ದಾಟಿದೆ, ಗುಂಡು ಹೋಗಿ ಬೀಳುವುದನ್ನು ಸ್ಕೋಪಿನಲ್ಲೇ ನೋಡಬಹುದು.

ಲೇತ್‌ಮನೆ:
ಮೂರುಲಗ್ಗು ಅವರೇ, ನಿಮ್ಮ ರೈಫಲ್ ಚೆನ್ನಾಗಿರುವುದು ಸಂತೋಷ. ಆದರೆ ಅವರು ಕೇಳುತ್ತಿರುವುದು ಆ್ಯಕ್ಷನ್ನನ್ನು ಬೇರೆ ಸ್ಟಾಕಿಗೆ ಹಾಕಿಸುವ ಬಗ್ಗೆ. ರೂಗರ್‌ನದು ತನ್ನ ಚಾಸಿಯೊಂದಿಗೇ ಹುಟ್ಟಿದ ವಿನ್ಯಾಸ. ನಟ್‌ನ ಅನುಕೂಲವೇ ಬೇಕೆಂದರೆ 1958ರಿಂದ ಇರುವ ಸ್ಯಾವೇಜ್ 110 ಇದೆ. ಎರಡರಲ್ಲೂ ಹೆಡ್‌ಸ್ಪೇಸನ್ನು (ಬೋಲ್ಟಿನ ಮುಖಕ್ಕೂ ಚೇಂಬರಿನಲ್ಲಿ ಕಾಡತೂಸು ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರವನ್ನು) ಗೇಜಿನಿಂದ ಅಳೆಯದೆ ಒಂದು ಈಡನ್ನೂ ಹೊಡೆಯಬಾರದು.

ಉಕ್ಕಿನನಳಿಗೆ:
ಲೇತ್‌ಮನೆಯವರು ಟಿಕ್ಕಾವನ್ನು ಹೊಗಳುತ್ತಾರೆ, ಆದರೆ ಅದರ ಬ್ಯಾರಲ್ ಸುತ್ತಿಗೆಯ ಹೊಡೆತದಿಂದ ರೂಪುಗೊಂಡದ್ದು ಎಂಬುದನ್ನು ಹೇಳಲಿಲ್ಲ. ಅಂಥ ಬ್ಯಾರಲ್‌ನಲ್ಲೇ ಒಳಬಿಗುವು ಹೆಚ್ಚು.

ಲೇತ್‌ಮನೆ:
ಬ್ಯಾರಲ್ಲನ್ನು ಹೇಗಿದ್ದರೂ ತೆಗೆದುಹಾಕುವವರಿಗೆ ಅದು ಹೇಗೆ ಹುಟ್ಟಿತೆಂಬುದು ಏಕೆ ಬೇಕು? ಮೇಲಾಗಿ, ಸುತ್ತಿಗೆಯಿಂದಾಗಲಿ ಬಟನ್‌ನಿಂದಾಗಲಿ ಕೊರೆದುದಾಗಲಿ, ಒತ್ತಡ ಇಳಿಸುವ ಕೆಲಸವನ್ನು ಸರಿಯಾಗಿ ಮಾಡಿದವರ ಬ್ಯಾರಲ್ ಚೆನ್ನಾಗಿಯೇ ಇರುತ್ತದೆ. ನೀವು ಪ್ರತಿ ಪ್ರಶ್ನೆಗೂ ಇದೊಂದೇ ಉತ್ತರ ಕೊಡುತ್ತೀರಿ.

ಸರಾಸರಿ:
ಬ್ಯಾರಲ್‌ನ ವಾದ ಬದಿಗಿರಲಿ, ಮೊದಲು ಅಂಕಿಗಳನ್ನು ನೋಡೋಣ. ಗುಂಡುಗಳ ಹರಡುವಿಕೆಯನ್ನು ಒಂದು ದಿಕ್ಕಿನ ಪ್ರಮಾಣಿತ ವಿಚಲನೆಯಿಂದ ಅಳೆದರೆ, ಮೂರು ಈಡಿನ ಗ್ರೂಪಿನ ಸರಾಸರಿ ಅಗಲ ಅದರ 2.41 ಪಟ್ಟು, ಐದರದು 3.07 ಪಟ್ಟು, ಹತ್ತರದು 3.81 ಪಟ್ಟು ಬರುತ್ತದೆ. ಅಂದರೆ ಮೂರು ಈಡಿಗೆ 17 ಮಿ.ಮೀ. ಕೊಡುವ ಆರೋಗ್ಯವಂತ ರೈಫಲ್ ಐದು ಈಡಿಗೆ ಸುಮಾರು 22, ಹತ್ತಕ್ಕೆ ಸುಮಾರು 27 ಮಿ.ಮೀ. ಕೊಡಬೇಕು. ಮೂರರಿಂದ ಐದಕ್ಕೆ ಹೋದಾಗ ಗ್ರೂಪ್ ಹಿಗ್ಗುವುದೇ ಸಹಜ ಎಂದು ಬರೆಯಲು ಹೊರಟಿದ್ದೆ; ಆದರೆ 45 ಎಂಬುದು ಆ ಸಹಜತೆಯನ್ನು ಮೀರಿದೆ. ಹಾಗಾಗಿ ನಿಮ್ಮ ದೂರು ನಿಜ, ಎಲ್ಲೋ ಏನೋ ಅಲುಗುತ್ತಿದೆ. ಇಂಥ ಗ್ರೂಪ್ ಎಷ್ಟು ಬಾರಿ ಬಂದಿದೆ?

ಈಡುಗಾರ65:
ಇಷ್ಟೆಲ್ಲ ವಿವರ ಬೇಕೆಂದು ಅನಿಸಿರಲಿಲ್ಲ, ಕ್ಷಮಿಸಿ. ದೂರ 100 ಮೀಟರ್. ಕಾಡತೂಸು ಕಾರ್ಖಾನೆಯ 140 ಗ್ರೇನಿನದು, ಮೂರು ಬೇರೆ ಪೆಟ್ಟಿಗೆಗಳಿಂದ. ಬೈಪಾಡ್ ಮುಂದೆ, ಚೀಲ ಹಿಂದೆ. ಹನ್ನೊಂದು ಗ್ರೂಪುಗಳಲ್ಲಿ ಒಂಬತ್ತು ಹೀಗೆಯೇ ಆಗಿವೆ. ಬಿಸಿಯ ಅನುಮಾನ ನನಗೂ ಇದ್ದುದರಿಂದ ಒಂದು ದಿನ ಪ್ರತಿ ಈಡಿಗೂ ಹತ್ತು ನಿಮಿಷ ಬಿಟ್ಟು ಹೊಡೆದೆ. ಅಂದೂ ನಾಲ್ಕನೆಯದು ಸರಿಯಿತು. ಸರಿಯುವ ದಿಕ್ಕೂ ಪ್ರತಿ ಬಾರಿ ಒಂದೇ ಅಲ್ಲ. ಸ್ಕೋಪನ್ನು ಗೆಳೆಯರ ರೈಫಲ್ ಮೇಲೆ ಇಟ್ಟು ನೋಡಿದ್ದೇನೆ, ಅಲ್ಲಿ ತಪ್ಪಲಿಲ್ಲ. ಆ್ಯಕ್ಷನ್ ಸ್ಕ್ರೂ, ರಿಂಗ್, ರೈಲ್, ಎಲ್ಲವನ್ನೂ ಟಾರ್ಕ್ ರೆಂಚಿನಿಂದಲೇ ಬಿಗಿದದ್ದು. ದೂರದ ಗುರಿಗೆ ಎತ್ತರ ಸಾಲದೆಂದು 20 ಎಂಒಎ (ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ) ಇಳಿಜಾರಿನ ರೈಲ್, ಅಂದರೆ ಸ್ಕೋಪ್ ಕೂರುವ ಪಟ್ಟಿ, ಹಾಕಿಕೊಂಡದ್ದನ್ನು ಬಿಟ್ಟರೆ, ರೈಫಲ್ ಕಾರ್ಖಾನೆಯಿಂದ ಬಂದಂತೆಯೇ ಇದೆ.

ಇನ್ನು ಕಟ್ಟುವ ವಿಷಯ. ಟಿಕ್ಕಾ ಎಂದೇ ನಿಶ್ಚಯಿಸಲೇ?

ಉಕ್ಕಿನನಳಿಗೆ:
ದಪ್ಪ ಬ್ಯಾರಲ್‌ಗೆ ಹತ್ತು ನಿಮಿಷ ಸಾಲದು. ಅರ್ಧ ಗಂಟೆ ಬಿಟ್ಟು ನೋಡಿ.

ಸರಾಸರಿ:
ಒಳಬಿಗುವಿನ ಬ್ಯಾರಲ್ ಒಂದೇ ದಿಕ್ಕಿಗೆ, ಬಿಸಿ ಏರಿದಂತೆ ಕ್ರಮವಾಗಿ ಸರಿಯುತ್ತದೆ. ಇವರ ಗುಂಡು ಒಮ್ಮೆ ಒಂದು ಕಡೆಗೆ, ಒಮ್ಮೆ ಇನ್ನೊಂದು ಕಡೆಗೆ ಜಿಗಿಯುತ್ತಿದೆ. ಬಿಸಿಗೆ ಹಾಗೆ ಮನಸ್ಸು ಬದಲಿಸುವ ಅಭ್ಯಾಸವಿಲ್ಲ.

ಹಳೆಗುರಿ:
ಮೇಲಿನ ಎಲ್ಲವನ್ನೂ ಓದಿದೆ. ಈಡುಗಾರರೇ, ನಿಮ್ಮ ಉತ್ತರ ಆ ಒಂದು ವಾಕ್ಯದಲ್ಲಿದೆ: ರೈಲ್ ಬದಲಿಸಿದ್ದೀರಿ. ಸ್ಕ್ರೂಗಳು ಹೊಸ ರೈಲಿನ ಜೊತೆಗೆ ಬಂದವೋ, ಹಳೆಯವನ್ನೇ ಹಾಕಿದಿರೋ?

ಈ ವಿನ್ಯಾಸದಲ್ಲಿ ರಿಸೀವರ್ ಮೇಲಿನ ಎಲ್ಲಕ್ಕಿಂತ ಮುಂದಿನ ತೂತು ನೇರವಾಗಿ ಬ್ಯಾರಲ್‌ನ ಥ್ರೆಡ್ಡಿನ ಮೇಲೆ ತೆರೆದುಕೊಳ್ಳುತ್ತದೆ. ಸ್ಕ್ರೂ ಬೇಕಾದದ್ದಕ್ಕಿಂತ ಅರ್ಧ ಮಿ.ಮೀ. ಹೆಚ್ಚು ಉದ್ದವಿದ್ದರೂ ಅದರ ತುದಿ ಒಳಗಿನ ಬ್ಯಾರಲ್‌ಗೆ ತಾಗಿ ನಿಂತುಬಿಡುತ್ತದೆ. ರೆಂಚು ಕ್ಲಿಕ್ ಎನ್ನುತ್ತದೆ, ನೀವು ಬಿಗಿಯಾಯಿತೆಂದುಕೊಳ್ಳುತ್ತೀರಿ. ಆದರೆ ಆ ಬಿಗಿ ಸ್ಕ್ರೂವಿಗೂ ಬ್ಯಾರಲ್‌ಗೂ ನಡುವೆ ಇರುವುದು. ಸ್ಕ್ರೂವಿನ ತಲೆ ರೈಲನ್ನು ಒತ್ತಿಯೇ ಇರುವುದಿಲ್ಲ. ಆಗ ರೈಲಿನ ಮುಂಭಾಗ ಪ್ರತಿ ಹಿನ್ನೂಕಿಗೂ ಕೂದಲೆಳೆಯಷ್ಟು ಸರಿದು ಎಲ್ಲೋ ಒಂದು ಕಡೆ ಕೂರುತ್ತದೆ, ಕೆಲವು ಈಡುಗಳವರೆಗೆ ಅಲ್ಲೇ ಇದ್ದು ಮತ್ತೆ ಜಿಗಿಯುತ್ತದೆ. ಸ್ಕೋಪ್ ನಿರ್ದೋಷಿ, ಬ್ಯಾರಲ್ಲೂ ನಿರ್ದೋಷಿ. ಅದರ ಹಿಂದಿನ ಸ್ಕ್ರೂ ಉದ್ದವಾದರೆ ಬೋಲ್ಟ್ ಲಗ್ಗಿಗೆ ತಾಗಿ ಬೋಲ್ಟ್ ಬಿಗಿಯಾಗುತ್ತದೆ, ಆದ್ದರಿಂದ ಅದು ಬೇಗ ಗೊತ್ತಾಗುತ್ತದೆ. ಮುಂದಿನದು ಮಾತ್ರ ಸದ್ದಿಲ್ಲದೆ ಮೋಸ ಮಾಡುತ್ತದೆ.

ರೈಫಲ್ ಖಾಲಿಯಿರುವುದನ್ನು ಎರಡು ಬಾರಿ ಖಚಿತಪಡಿಸಿಕೊಂಡು, ಬೋಲ್ಟ್ ಹೊರತೆಗೆದು, ಸ್ಕೋಪ್ ಇಳಿಸಿ. ಮುಂದಿನ ಸ್ಕ್ರೂ ಬಿಚ್ಚಿ ಅದರ ತುದಿಯನ್ನು ಬೆಳಕಿಗೆ ಹಿಡಿಯಿರಿ. ಮಿನುಗುವ ಗುರುತು ಕಂಡರೆ ನಾನು ಹೇಳಿದ್ದೇ ನಿಜ. ಕಾಣದಿದ್ದರೆ ತುದಿಗೆ ಮಾರ್ಕರ್ ಶಾಯಿ ಬಳಿದು ಮತ್ತೆ ಬಿಗಿದು ಬಿಚ್ಚಿ. ಇನ್ನೊಂದು ಪರೀಕ್ಷೆ: ಹಿಂದಿನ ಸ್ಕ್ರೂಗಳನ್ನು ಮಾತ್ರ ಬಿಗಿದು, ರೈಲಿನ ಮುಂಭಾಗ ರಿಸೀವರ್‌ನಿಂದ ಮೇಲೆದ್ದಿದೆಯೇ ಎಂದು ನೋಡಿ, ಎದ್ದಿದ್ದರೆ ರೈಲಿನ ಅಡಿಗೂ ಬೆಡ್ಡಿಂಗ್ (ಸಂದು ತುಂಬಿ ಗಟ್ಟಿಯಾಗುವ ಅಂಟು) ಬೇಕಾಗುತ್ತದೆ.

ಮೂರುಲಗ್ಗು:
ಇದಕ್ಕೇ ನಾನು 6-48ರ ಸ್ಕ್ರೂ ತೂತುಗಳನ್ನು 8-40ಕ್ಕೆ ಹಿಗ್ಗಿಸಿಕೊಂಡ ಆ್ಯಕ್ಷನ್‌ಗಳನ್ನು ಮಾತ್ರ ಇಟ್ಟುಕೊಂಡಿದ್ದೇನೆ.

ಹಳೆಗುರಿ:
ದಪ್ಪ ಸ್ಕ್ರೂ ಬಲವಾದದ್ದು ನಿಜ, ಆದರೆ ಉದ್ದವಾದರೆ ಅದೂ ತಾಗುತ್ತದೆ. ಸಮಸ್ಯೆ ಉದ್ದದ್ದು.

ಈಡುಗಾರ65:
ನಾಲ್ಕು ದಿನ ತಡವಾಗಿ ಬರೆಯುತ್ತಿದ್ದೇನೆ. ಹಳೆಗುರಿ ಅವರೇ, ನಾನು ಹಳೆಯ ಸ್ಕ್ರೂಗಳನ್ನೇ ಬಳಸಿದ್ದೆ; ಹೊಸ ರೈಲಿನ ಮುಂಭಾಗ ಹಳೆಯದಕ್ಕಿಂತ ತೆಳುವಾಗಿದೆ ಎಂಬುದನ್ನು ಗಮನಿಸಿಯೇ ಇರಲಿಲ್ಲ. ಸ್ಕ್ರೂವಿನ ತುದಿಯಲ್ಲಿ ಹೊಳೆಯುವ ವೃತ್ತ ಸ್ಪಷ್ಟವಾಗಿ ಕಂಡಿತು. ಮೂರನ್ನು ಬಿಚ್ಚಿ ಆ ಒಂದನ್ನು ಮಾತ್ರ ಬಿಗಿದಾಗ ರೆಂಚು ಕ್ಲಿಕ್ ಎಂದಿತು, ಆದರೂ ರೈಲನ್ನು ಬೆರಳಿನಿಂದ ಅಲುಗಿಸಬಹುದಾಗಿತ್ತು. ಆ ಕ್ಷಣ ಮೂರು ತಿಂಗಳ ಸಂಕಟ ಹೊಟ್ಟೆಯೊಳಗೆ ತಿರುಗಿದಂತಾಯಿತು.

ರೈಲಿನ ತಯಾರಕರು ಹೇಳಿದ ಉದ್ದದ ಸ್ಕ್ರೂಗಳನ್ನು ತಂದು ಹಾಕಿದೆ. ನಿನ್ನೆ ಹತ್ತು ಈಡಿನ ಎರಡು ಗ್ರೂಪ್ ಹೊಡೆದೆ, ನಡುವೆ ಬ್ಯಾರಲ್ ತಣಿಯಲು ಬಿಡದೆ. ಒಂದು 26 ಮಿ.ಮೀ., ಇನ್ನೊಂದು 31.

ಸರಾಸರಿ:
ಲೆಕ್ಕ 27 ಎಂದಿತ್ತು. ಎರಡೇ ಗ್ರೂಪುಗಳಿಂದ ಗಟ್ಟಿಯಾಗಿ ಹೇಳಲಾಗದು, ಆದರೆ 100 ಮೀಟರಿನಲ್ಲಿ ಒಂದು ಎಂಒಎ ಎಂದರೆ 29 ಮಿ.ಮೀ.; ಬಿಸಿ ಬ್ಯಾರಲ್‌ನಿಂದ ಹತ್ತು ಈಡು ಅದರ ಆಸುಪಾಸಿನಲ್ಲೇ ನಿಂತಿವೆ. ಮಾರಿಬಿಡುವ ರೈಫಲ್ ಅಲ್ಲ ಇದು.

ಉಕ್ಕಿನನಳಿಗೆ:
ಸ್ಕ್ರೂ ಸರಿಹೋದದ್ದು ಒಳ್ಳೆಯದಾಯಿತು, ನನ್ನ ಊಹೆ ತಪ್ಪಾಗಿತ್ತು. ಆದರೂ ಆ 31ರ ಗ್ರೂಪಿನಲ್ಲಿ ಕೊನೆಯ ಈಡುಗಳು ಎಲ್ಲಿ ಬಿದ್ದವು ಎಂಬುದನ್ನು ದಯವಿಟ್ಟು ಗುರುತಿಸಿ.

ಈಡುಗಾರ65:
ಕೊನೆಯ ಮೂರೂ ನಡುವೆಯೇ ಇವೆ ಸರ್. ಈಗ ಮೂಲ ಪ್ರಶ್ನೆ ಬದಲಾಗಿದೆ. ಕಸ್ಟಮ್ ಕಟ್ಟಿಸುವ ಆಸೆ ಹೋಗಿಲ್ಲ. ಹೊಸ ರೈಫಲ್ ಕೊಳ್ಳುವ ಬದಲು, ಇದರ ಬ್ಯಾರಲ್ ಸವೆದ ಮೇಲೆ ಇದೇ ಆ್ಯಕ್ಷನ್‌ಗೆ ಒಳ್ಳೆಯ ಬ್ಯಾರಲ್ ಕೂರಿಸಬಹುದೇ?

ಲೇತ್‌ಮನೆ:
ಕೂರಿಸಬಹುದು. 6.5 ಕ್ರೀಡ್‌ಮೋರ್‌ನಲ್ಲಿ ಬ್ಯಾರಲ್ ಸಾಮಾನ್ಯವಾಗಿ 2000ದಿಂದ 3000 ಈಡು ಬಾಳುತ್ತದೆ, ಹಾಗಾಗಿ ನಿಮಗೆ ಸಮಯವಿದೆ. ಆದರೆ ಎಲ್ಲ ರೆಮಿಂಗ್ಟನ್ ಮಾದರಿಯ ಆ್ಯಕ್ಷನ್‌ಗಳ ಕೀಲೂ ಒಂದೇ ಅಲ್ಲ. ಸ್ಟಾಕಿನಿಂದ ತೆಗೆದು, ಲಗ್ಗಿಗೂ ರಿಸೀವರ್‌ಗೂ ನಡುವೆ ಗೆರೆ ಕಾಣುತ್ತದೆಯೇ ನೋಡಿ. ಕಂಡರೆ ಲಗ್ ಪ್ರತ್ಯೇಕ ಬಿಲ್ಲೆ. ಹಳೆಯದನ್ನು ಬಿಟ್ಟು, ಎರಡೂ ಮುಖ ಸಮನಾಗಿ ಅರೆದ ಹೊಸದನ್ನು ಹಾಕಿಸಬೇಕು. ಕಾಣದಿದ್ದರೆ ಹೌವಾ 1500ರಲ್ಲಿರುವಂತೆ ಲಗ್ ರಿಸೀವರ್‌ನದೇ ಭಾಗ. ಆಗ ಭುಜದ ಅಳತೆಯೇ ಬೇರೆಯಾಗುತ್ತದೆ. ಎರಡರಲ್ಲಿ ಯಾವುದೇ ಆದರೂ ಥ್ರೆಡ್ ಅಳೆಯುವವರೆಗೆ ಬ್ಯಾರಲ್‌ಗೆ ಮುಂಗಡ ಕೊಡಬೇಡಿ.

ಈಡುಗಾರ65:
ಬಿಚ್ಚಿ ನೋಡಿದೆ. ಎರಡು ಗೆರೆಗಳಿವೆ: ಒಂದು ಬ್ಯಾರಲ್‌ಗೂ ಲಗ್ಗಿಗೂ ನಡುವೆ, ಇನ್ನೊಂದು ಲಗ್ಗಿಗೂ ರಿಸೀವರ್‌ಗೂ ನಡುವೆ. ಬಿಲ್ಲೆಯ ದಪ್ಪವನ್ನು ನಾಳೆ ಮೈಕ್ರೋಮೀಟರಿನಿಂದ ಅಳೆದು ಬರೆಯುತ್ತೇನೆ.