ಮೆರೈನ್ ಟ್ಯಾಂಕ್: ಅಮೋನಿಯಾ ಸೊನ್ನೆ, ನೈಟ್ರೈಟ್ ಮಾತ್ರ ಇಳೀತಿಲ್ಲ

ಹವಳದಿಬ್ಬ:
ಮೊದಲ ಸಲ ಉಪ್ಪುನೀರಿನ ಟ್ಯಾಂಕ್ ಇಟ್ಟಿದ್ದೀನಿ. 200 ಲೀಟರ್, ಡ್ರೈ ರಾಕ್ (ಜೀವಿಗಳಿಲ್ಲದ ಒಣ ಕಲ್ಲು), ಆರ್‌ಓ ನೀರು. ಮೀನು ಬಿಟ್ಟಿಲ್ಲ. ಮೀನಿನ ಕೊಳೆಯಿಂದ ಬರೋ ಅಮೋನಿಯಾವನ್ನ ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಮೊದಲೇ ಬೆಳೆಯಲಿ ಅಂತ ಅಮೋನಿಯಾ ಹಾಕ್ತಿದ್ದೀನಿ. 2 ಪಿಪಿಎಂ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ಹಾಕಿದ್ರೆ ಮಾರನೇ ದಿನಕ್ಕೇ ಸೊನ್ನೆ. ನೈಟ್ರೈಟ್ ಮಾತ್ರ 5ರಲ್ಲೇ ಕೂತಿದೆ, ನೈಟ್ರೇಟ್ ಕಿಟ್ ಕಡುಗೆಂಪು. ಅರ್ಧ ನೀರು ಬದಲಾಯಿಸ್ಲಾ? ಇನ್ನೊಂದು ಬಾಟಲಿ ಬ್ಯಾಕ್ಟೀರಿಯಾ ತರ್ಲಾ?

ಕಡಲತಡಿ:
ನೀರು ಬದಲಾಯಿಸಿದ್ರೆ ತಪ್ಪೇನಿಲ್ಲ, ಉಪ್ಪಿನ ದುಡ್ಡು ದಂಡ ಅಷ್ಟೆ. ಮೊದಲು ಅಮೋನಿಯಾ ಹಾಕೋದು ನಿಲ್ಲಿಸಿ. 1 ಪಿಪಿಎಂ ಅಮೋನಿಯಾದಿಂದ ಸುಮಾರು 2.7 ಪಿಪಿಎಂ ನೈಟ್ರೈಟ್ ಹುಟ್ಟುತ್ತೆ. ನೀವು ಹಾಕ್ತಾನೇ ಇದ್ದೀರಿ. ನೈಟ್ರೈಟನ್ನು ನೈಟ್ರೇಟ್ ಮಾಡೋದು ನೈಟ್ರೋಸ್ಪೈರಾ, ನೈಟ್ರೋಸ್ಪೈನಾದಂಥ ಬೇರೆಯೇ ಗುಂಪು, ಅವು ಹೆಚ್ಚೋದು ನಿಧಾನ.

ಇನ್ನೊಂದು, ಕಿಟ್ಟಿನ ಕೊನೇ ಬಣ್ಣವೇ 5 ಆಗಿದ್ರೆ, 20 ಇದ್ದರೂ ಅದು 5 ಅಂತಲೇ ತೋರ್ಸುತ್ತೆ. ಒಂದು ಪಾಲು ಟ್ಯಾಂಕ್ ನೀರಿಗೆ ಒಂಬತ್ತು ಪಾಲು ಹೊಸ ಉಪ್ಪುನೀರು ಬೆರೆಸಿ, ಬಂದಿದ್ದನ್ನ ಹತ್ತರಿಂದ ಗುಣಿಸಿ. ನೈಟ್ರೇಟ್ ಅಂಕಿಯನ್ನಂತೂ ಈಗ ನಂಬಲೇಬೇಡಿ. ಆ ಕಿಟ್ ನೈಟ್ರೇಟನ್ನು ನೈಟ್ರೈಟ್ ಮಾಡಿಯೇ ಬಣ್ಣ ತರೋದು. ಮೊದಲೇ ಇರೋ ನೈಟ್ರೈಟೂ ಲೆಕ್ಕಕ್ಕೆ ಸೇರಿ ಕೆಂಪಾಗುತ್ತೆ.

ಗಾಜಿನಕಡಲು:
ಡ್ರೈ ರಾಕ್ ಅಂದ್ರಲ್ಲ, ಫಾಸ್ಫೇಟ್ ನೋಡಿದ್ರಾ? ಪೂರ್ತಿ ಸೊನ್ನೆ ಇದ್ರೂ ಈ ಜೀವಿಗಳು ಬೆಳೆಯಲ್ಲ. ಚಿಟಿಕೆ ಮೀನಿನ ಆಹಾರ ಹಾಕಿದ್ರೆ ಸಾಕು, ಅದರಿಂದ ಫಾಸ್ಫೇಟ್ ಸಿಗುತ್ತೆ.
ಅಂದ ಹಾಗೆ, ಮೊದಲ ಹಂತ, ಅಂದ್ರೆ ಅಮೋನಿಯಾವನ್ನ ನೈಟ್ರೈಟ್ ಮಾಡೋದೆಲ್ಲ ಬ್ಯಾಕ್ಟೀರಿಯಾ ಅಲ್ಲ. ನೈಟ್ರೋಸೊಪ್ಯುಮಿಲಸ್ ಅನ್ನೋದು ಆರ್ಕಿಯಾ, ಬ್ಯಾಕ್ಟೀರಿಯಾದ ಹಾಗೇ ಏಕಕೋಶ ಜೀವಿ, ಆದ್ರೆ ವಂಶವೇ ಬೇರೆ. ತೀರಾ ಕಮ್ಮಿ ಅಮೋನಿಯಾದಲ್ಲೂ ಬದುಕುತ್ತೆ, ಸಮುದ್ರದಲ್ಲಿ ಈ ಕೆಲಸ ಬಹುಪಾಲು ಅದರ ಬಳಗದ್ದೇ. 2005ರಲ್ಲಿ ಅದನ್ನ ಬೇರ್ಪಡಿಸಿದ ಸುದ್ದಿ ಬಂತು. ಸಿಕ್ಕಿದ್ದು ನಡುಗಡಲಲ್ಲಲ್ಲ, ಸಿಯಾಟಲ್ ಅಕ್ವೇರಿಯಂನ ಟ್ಯಾಂಕಿನ ಜಲ್ಲಿಯಲ್ಲಿ!

ಹವಳದಿಬ್ಬ:
ಫಾಸ್ಫೇಟ್ ಸೊನ್ನೆಯೇ ಸರ್. ಬೆರೆಸಿ ನೋಡಿದ್ರೆ ನೈಟ್ರೈಟ್ 20. ಆಮೇಲೆ ನೈಟ್ರೇಟ್ ತಾನಾಗೇ ಹೋಗುತ್ತಾ?

ಕಡಲತಡಿ:
ಆಮ್ಲಜನಕ ಇರೋ ಕಡೆ ಹೋಗಲ್ಲ. ನಮ್ಮ ಅರಬ್ಬೀ ಸಮುದ್ರವನ್ನೇ ತಗೊಳ್ಳಿ: ಸುಮಾರು 150ರಿಂದ 1000 ಮೀಟರ್ ಆಳದ ನಡುವೆ ಆಮ್ಲಜನಕ ಬಹಳ ಕಮ್ಮಿ, ಕೆಲವು ಕಡೆ ಇಲ್ಲವೇ ಇಲ್ಲ ಅನ್ನಬಹುದು. ಅಲ್ಲಿ ಬ್ಯಾಕ್ಟೀರಿಯಾ ಉಸಿರಾಟಕ್ಕೆ ನೈಟ್ರೇಟನ್ನೇ ಬಳಸಿ ನೈಟ್ರೋಜನ್ ಅನಿಲ ಮಾಡ್ತವೆ. ಟ್ಯಾಂಕಲ್ಲಿ ಅಂಥ ಜಾಗ ರಂಧ್ರ ರಂಧ್ರ ಇರೋ ಕಲ್ಲಿನ ಒಳಗೆ, ಆಳದ ಮರಳಲ್ಲಿ. ಅಷ್ಟು ಸಾಲದು, ನೀರು ಬದಲಾಯಿಸಲೇಬೇಕು. ನೀರಿಗೆ ಖರ್ಚು ಮಾಡೋದಿದ್ರೆ ಆಗ ಮಾಡಿ.

ಹವಳದಿಬ್ಬ:
ಸರಿ, ಆಹಾರ ಹಾಕಿ ಕಾಯ್ತೀನಿ. ನೈಟ್ರೈಟ್ ಪೂರ್ತಿ ಸೊನ್ನೆ ಆಗೋವರೆಗೂ ಮೀನು ಬಿಡಬಾರದಾ?

ಗಾಜಿನಕಡಲು:
ಸಿಹಿನೀರಿನಷ್ಟು ಭಯ ಇಲ್ಲಿಲ್ಲ. ಕಡಲ ನೀರಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್‌ಗೆ ದಾರಿ ಬಿಡಲ್ಲ. ಆದ್ರೂ 20 ಇರುವಾಗ ಅವಸರ ಯಾಕೆ? 1ಕ್ಕಿಂತ ಕೆಳಗೆ ಬರಲಿ, ಆಮೇಲೆ ಒಂದು ಕ್ಲೌನ್ ಮೀನಿಂದ ಶುರು ಮಾಡಿ.